ಹೊಸ್ತಿಲ ಮುಂದೆ ಎರಡು ಜೊತೆ ಚಪ್ಪಲಿ

ನನ್ನ ತಮ್ಮನಿಗೆ ಬಾಗಿಲು ತೆರೆಯಲು ಬರುವುದಿಲ್ಲ. ಅರವತ್ತರ ಹತ್ತಿರ ಬಂದಿದ್ದಾನೆ, ಕೈಕಾಲು ಗಟ್ಟಿ ಇವೆ, ಕಣ್ಣು ಚುರುಕಾಗಿವೆ, ಆದರೆ ಬಾಗಿಲು ಮಾತ್ರ ಬರುವುದಿಲ್ಲ. ನಾವು ನೀವು ತೆರೆಯುವುದು ಹೇಗೆ? ಚಿಲಕ ತೆಗೆದೆವು, ದೂಡಿದೆವು, ಒಳಗೆ ಹೋದೆವು. ಇವನು ಮೊದಲು ಚಿಲಕವನ್ನು ನೋಡುತ್ತಾನೆ. ಆಮೇಲೆ ಅದರ ಮೇಲೆ ಒಂದೇ ಬೆರಳು ಇಡುತ್ತಾನೆ. ಆಮೇಲೆ ಸಂದಿಯಲ್ಲಿ ಒಂದು ಗೆರೆ ಬೆಳಕು ಕಾಣುವಷ್ಟು ಸರಿಸಿ ಅಲ್ಲೇ ನಿಂತುಬಿಡುತ್ತಾನೆ. ಅವನ ಹಿಂದೆ ನಾನು ತುಂಬಿದ ಕೊಡವನ್ನು ಸೊಂಟಕ್ಕೆ ಇಟ್ಟುಕೊಂಡು ನಿಂತಿರುತ್ತೇನೆ. ಸರಿಯೋ ಮಾರಾಯ ಎಂದರೆ, ತಡಿ ಅಕ್ಕಾ, ಒಳಗೆ ಏನಿದೆ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ ಎನ್ನುತ್ತಾನೆ. ಒಳಗೆ ಏನಿರುತ್ತದೆ? ನನ್ನ ಅಡುಗೆಮನೆ ಇರುತ್ತದೆ.

ಅವನಿಗೆ ಹತ್ತಿರುವ ಹುಚ್ಚಿನ ಹೆಸರು ಸಸ್ಪೆನ್ಸ್. ಆ ಶಬ್ದ ನನಗೆ ಅವನಿಂದಲೇ ಬಂದದ್ದು. ಕಸುಬು ಮದುವೆ ವಿಡಿಯೋ ತೆಗೆಯುವುದು. ಮಾನ್ವಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಮದುವೆ, ಕುಬಸ, ತೊಟ್ಟಿಲು, ಯಾವುದಕ್ಕೆ ಕರೆದರೂ ಹೋಗುತ್ತಾನೆ. ಹೋದವನು ಎಲ್ಲರ ಹಾಗೆ ತೆಗೆಯುತ್ತಾನೆಯೇ? ಇಲ್ಲ. ನನ್ನ ಮೊಮ್ಮಗನ ತೊಟ್ಟಿಲ ಕಾರ್ಯದಲ್ಲಿ ತೊಟ್ಟಿಲ ಕೆಳಗೆ ಅಂಗಾತ ಮಲಗಿ ತೆಗೆದ. ವಿಡಿಯೋ ನೋಡಿದರೆ ಕಪ್ಪಗೆ ಏನೋ ತೂಗುತ್ತದೆ, ಹಗ್ಗ ಕಿರುಗುಟ್ಟುತ್ತದೆ, ಒಂದು ಕೈ ಬರುತ್ತದೆ, ಹೋಗುತ್ತದೆ. ನಾಲ್ಕು ನಿಮಿಷವಾದರೂ ಕೂಸಿನ ಮುಖ ಇಲ್ಲ. ನಮ್ಮ ಸೊಸೆ ಟಿ.ವಿ. ಆರಿಸಿ, ಆಡುತ್ತಿದ್ದ ಕೂಸನ್ನು ಎತ್ತಿಕೊಂಡು ಬಂದು ದೃಷ್ಟಿ ತೆಗೆದಳು.

ಮಲ್ಲಟದ ಮದುವೆಯ ಕಥೆ ಇನ್ನೂ ದೊಡ್ಡದು. ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿದಿದ್ದರು. ಇವನಿಗೆ ಅದನ್ನು ಕಂಡರೆ ಜೀವ ಹೋಗಿ ಬಂದಂತೆ. ಒಂದು ಬಟ್ಟೆ, ಆ ಕಡೆ ಯಾರಿದ್ದಾರೋ ಈ ಕಡೆಯವರಿಗೆ ಕಾಣುವುದಿಲ್ಲ. ಇದಕ್ಕಿಂತ ಸಸ್ಪೆನ್ಸ್ ಬೇಕೇ? ಬಟ್ಟೆಯ ಕೆಳಗಿನಿಂದ ಬರೀ ಕಾಲು ತೆಗೆದ. ಮುಷ್ಟಿಯಿಂದ ಒಂದೊಂದೇ ಉದುರುವ ಅಕ್ಕಿಕಾಳು ತೆಗೆದ. ಅಯ್ಯನವರ ತುಟಿ ತೆಗೆದ. ಆಮೇಲೆ ಕ್ಯಾಮೆರಾವನ್ನು ನಿಧಾನಕ್ಕೆ ಮೇಲೆ ಎತ್ತಿ ತಿರುಗುವ ಫ್ಯಾನಿನ ಮೇಲೆ ನಿಲ್ಲಿಸಿದ. ಫ್ಯಾನು ತಿರುಗುತ್ತಲೇ ಇತ್ತು, ಕೆಳಗೆ ತಾಳಿ ಕಟ್ಟಿ ಮುಗಿಯಿತು. ಬೀಗರು ಅಂಗಡಿಗೆ ಬಂದು ತಾಳಿ ಎಲ್ಲಿ ಎಂದು ಕೇಳಿದರೆ, ತಾಳಿ ಕಟ್ಟುತ್ತಾರೆ ಅಂತ ಎಲ್ಲರಿಗೂ ಗೊತ್ತೇ ಇದೆಯಲ್ಲ, ಗೊತ್ತಿದ್ದದ್ದನ್ನು ಯಾಕೆ ತೋರಿಸಬೇಕು ಎಂದನಂತೆ. ಅವರು ಇವನ ಕೊರಳಪಟ್ಟಿ ಹಿಡಿಯದೆ ಹೋದದ್ದು ಅವರ ದೊಡ್ಡತನ. ಎರಡು ತಿಂಗಳ ಮೇಲೆ ಗಂಡು ಹೆಣ್ಣನ್ನು ಮತ್ತೆ ಬಾಸಿಂಗ ಕಟ್ಟಿ ಕೂರಿಸಿ ತಾಳಿ ಕಟ್ಟಿಸಿದರು. ಈಗಲೂ ಆ ವಿಡಿಯೋದಲ್ಲಿ ಅಂತರಪಟ ಹಿಡಿದಾಗ ಗಂಡಿಗೆ ಮೀಸೆ ಇದೆ, ತಾಳಿ ಕಟ್ಟುವಾಗ ಇಲ್ಲ.

ಇಂಥವನು ಒಂದು ದಿನ ಗಬ್ಬೂರಿಗೆ, ನನ್ನ ಮನೆಗೆ ಬಂದು, ಅಕ್ಕಾ ನಾನೊಂದು ಸಿನಿಮಾ ಮಾಡುತ್ತೇನೆ, ನೀನೇ ಅದರ ನಾಯಕಿ ಎಂದ. ನಾನು ಜೋಳ ಹಸನು ಮಾಡುತ್ತಿದ್ದೆ. ತಲೆ ಎತ್ತಲಿಲ್ಲ. ರಾಯಚೂರಿನಲ್ಲಿ ಯಾವುದೋ ಸಂಘದವರು ಹತ್ತು ನಿಮಿಷದ ಚಿತ್ರಗಳ ಸ್ಪರ್ಧೆ ಇಟ್ಟಿದ್ದರಂತೆ. ಬಹುಮಾನ ಬೇಕೇನೋ ಎಂದೆ. ಬೇಡ ಎಂದ. ಮತ್ತೇಕೆ ಎಂದೆ. ಆಗ ಹೇಳಿದ ಮಾತು ಇದು.

"ನಮ್ಮಾಕಿ ಒಮ್ಮೆ ಹೆದರಬೇಕು ಅಕ್ಕಾ. ಮಂದಿ ಜೋಡಿ ಕುಂತು, ಮಂದಿ ಹೆದರಿದ ಹೊತ್ತಿಗೇ ಹೆದರಬೇಕು. ಅಷ್ಟ ಸಾಕು ನನಗ."

ಇದನ್ನು ಬಿಡಿಸಿ ಹೇಳಬೇಕು. ಅವನ ಹೆಂಡತಿಗೆ ಕಿವಿ ಕೇಳುವುದಿಲ್ಲ. ಹತ್ತು ವರ್ಷದ ಹಿಂದೆ ಜ್ವರ ಬಂತು, ಜ್ವರ ಹೋಯಿತು, ಹೋಗುವಾಗ ಕಿವಿ ಒಯ್ದಿತು. ಮಷಿನ್ ಹಾಕಿಸಿದರು. ಬರೀ ಗುಂಯ್ ಅನ್ನುತ್ತದೆ ಎಂದು ತೆಗೆದು ಡಬ್ಬಿಯಲ್ಲಿಟ್ಟಳು. ಮಾತು ಚೆನ್ನಾಗಿ ಆಡುತ್ತಾಳೆ, ಸ್ವಲ್ಪ ಜೋರು. ನಾವು ಆಡುವುದನ್ನು ತುಟಿ ನೋಡಿ ಹಿಡಿಯುತ್ತಾಳೆ. ಬೀದಿಯ ಆ ಬದಿಯಲ್ಲಿ ಇಬ್ಬರು ಹೆಂಗಸರು ಚಾಡಿ ಹೇಳಿಕೊಂಡರೆ ಈ ಬದಿಯಲ್ಲಿ ಇವಳಿಗೆ ಪೂರ್ತಿ ಗೊತ್ತಾಗುತ್ತದೆ. ಕಿವಿ ಇದ್ದ ನನಗೆ ಆ ಭಾಗ್ಯವಿಲ್ಲ.

ಗಂಡ ಹೆಂಡತಿ ಇಬ್ಬರಿಗೂ ಸಿನಿಮಾ ಅಂದರೆ ಪ್ರಾಣ. ರಾಯಚೂರಿಗೆ ಹೋಗಿ ನೋಡುತ್ತಾರೆ, ಅದೂ ಹೆದರಿಸುವ ಸಿನಿಮಾಗಳನ್ನೇ. ಒಮ್ಮೆ ನನ್ನನ್ನೂ ಕರೆದೊಯ್ದಿದ್ದರು. ಪರದೆಯ ಮೇಲೆ ಒಬ್ಬಳು ಹುಡುಗಿ ಪಡಸಾಲೆಯಲ್ಲಿ ನಡೆಯುತ್ತಿದ್ದಳು. ಢಂ ಎಂದು ಸದ್ದಾಯಿತು. ಇಡೀ ಮಂದಿ ಕುರ್ಚಿಯಿಂದ ಒಂದು ಗೇಣು ಮೇಲೆದ್ದರು. ನನ್ನ ತಮ್ಮನ ಹೆಂಡತಿ ಶೇಂಗಾ ತಿನ್ನುತ್ತ ಕೂತಿದ್ದಳು. ಎಲ್ಲರೂ ಎದ್ದದ್ದು ನೋಡಿ, "ಏನಾತು?" ಎಂದು ಕೇಳಿದಳು. ಕತ್ತಲಲ್ಲಿ ಅವಳಿಗೆ ತುಟಿ ಕಾಣುವುದಿಲ್ಲ. ಅದಕ್ಕೆ ಇವನು ಮೊಬೈಲಿನ ಬೆಳಕನ್ನು ಗದ್ದದ ಕೆಳಗೆ ಹಿಡಿದು, ತನ್ನ ಮುಖದ ಮೇಲೆ ಬಿಟ್ಟುಕೊಂಡು ಏನಾಯಿತೆಂದು ಹೇಳತೊಡಗಿದ. ಕೆಳಗಿನಿಂದ ಬೆಳಕು ಬಿದ್ದ ಆ ಮುಖ ನೋಡಿ ಮುಂದಿನ ಸಾಲಿನಿಂದ ತಿರುಗಿದ ಹೆಂಗಸೊಬ್ಬಳು ಕಿಟಾರನೆ ಚೀರಿದಳು. ಸಿನಿಮಾಕ್ಕೆ ಅವಳು ಅಷ್ಟು ಚೀರಿರಲಿಲ್ಲ.

ಆವತ್ತು ಇವನಿಗೆ ತಲೆಯಲ್ಲಿ ಹುಳ ಹೊಕ್ಕಿತು. ಈ ಸಿನಿಮಾದವರು ಕಣ್ಣಿಗೆ ಏನೂ ತೋರಿಸುವುದಿಲ್ಲ, ಕಿವಿಯಲ್ಲಿ ಡೊಳ್ಳು ಬಾರಿಸಿ ಹೆದರಿಸುತ್ತಾರೆ. ಡೊಳ್ಳು ಇಲ್ಲದೆ, ಮಾತು ಇಲ್ಲದೆ, ಬರೀ ಕ್ಯಾಮೆರಾದಿಂದ ಹೆದರಿಸಬೇಕು. ಆಗ ಏನಾಯಿತು ಎಂದು ಅವಳು ಯಾರನ್ನೂ ಕೇಳಬೇಕಾಗುವುದಿಲ್ಲ. ಅವಳಿಗೆ ಮೊದಲೇ ಗೊತ್ತಾಗಿಬಿಟ್ಟರೆ ಕೆಟ್ಟಿತು, ಅದಕ್ಕೇ ಚಿತ್ರೀಕರಣ ಮಾನ್ವಿಯಲ್ಲಿ ಬೇಡ, ನನ್ನ ಮನೆಯಲ್ಲಿ. ನಾನು ಜೋಳದ ಮೊರ ಕೆಳಗಿಟ್ಟು ಆಗಲಿ ಎಂದೆ. ಬೇರೆ ಏನು ಹೇಳಬೇಕಿತ್ತು?

ಗುಟ್ಟು ಕಾಯುವುದು ಮಾತ್ರ ಬಹಳ ಕಷ್ಟವಾಯಿತು. ಬೇರೆಯವರ ಮನೆಯಲ್ಲಿ ಗುಟ್ಟಿನ ಮಾತಾದರೆ ದನಿ ತಗ್ಗಿಸುತ್ತಾರೆ. ಇವರ ಮನೆಯಲ್ಲಿ ಎಷ್ಟು ಜೋರಾಗಿ ಬೇಕಾದರೂ ಆಡಬಹುದು, ಮುಖ ತಿರುಗಿಸಿದರೆ ಸಾಕು. ನಾನು ಮಾನ್ವಿಗೆ ಹೋದಾಗ ನಾವಿಬ್ಬರೂ ಗೋಡೆಯ ಕಡೆ ಮುಖ ಮಾಡಿಕೊಂಡು, ಕೊಲೆ ಎಲ್ಲಿ, ಹೆಣ ಎಲ್ಲಿ ಎಂದು ಓಣಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದೆವು. ಅವಳು ಎಷ್ಟು ದಿನ ಸುಮ್ಮನಿರುತ್ತಾಳೆ? ಒಂದು ದಿನ ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ನನ್ನ ಮಾರಿ ನೋಡಿ ಮಾತಾಡಕ್ಕಾ. ನನ್ನ ಕಿವಿ ಹೋಗ್ಯಾವ, ಬುದ್ಧಿ ಹೋಗಿಲ್ಲ. ಅವರಿಗೆ ಏನ್ ಜಡ್ಡು ಬಂದದ?"

"ಹುಚ್ಚು," ಎಂದೆ.

"ಅದು ಮೊದಲಿಂದ ಅದ," ಎಂದು ಚಹಾ ಇಡಲು ಹೋದಳು.

ಚಿತ್ರೀಕರಣ ಮೂರು ದಿನ ನಡೆಯಿತು, ಮೇ ತಿಂಗಳ ನಡುಮಧ್ಯಾಹ್ನ. ರಾತ್ರಿ ಹೆದರಿಸುವುದು ಯಾರಿಗೂ ಬರುತ್ತದೆ ಎನ್ನುವುದು ಇವನ ವಾದ. ನಮ್ಮ ಕಡೆ ಬೇಸಿಗೆಯ ಎರಡು ಗಂಟೆಗೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಬಾಗಿಲೆಲ್ಲ ತೆರೆದಿರುತ್ತವೆ, ಒಬ್ಬರೂ ಕಾಣುವುದಿಲ್ಲ, ಬಿಸಿಲು ನಿಂತುಬಿಟ್ಟಿರುತ್ತದೆ. ಆ ಹೊತ್ತಿಗೆ ಯಾರಾದರೂ ಬಂದರೆ ಯಾಕೆ ಬಂದರು ಎಂದು ಎದೆ ಜುಮ್ಮೆನ್ನುತ್ತದೆ. ಈ ಮಾತು ನನಗೂ ಸರಿ ಅನ್ನಿಸಿತು. ಸೊಸೆ, ಮೊಮ್ಮಕ್ಕಳನ್ನೆಲ್ಲ ಪಕ್ಕದ ಮನೆಗೆ ಓಡಿಸಿದ. ಕ್ಯಾಮೆರಾ ಅಲುಗದೆ ನನ್ನ ಹಿಂದೆ ಬರಬೇಕೆಂದು ಉಳ್ಳಾಗಡ್ಡಿ ಮಾರುವವನ ತಳ್ಳುಬಂಡಿ ತಂದು, ಅದರ ಮೇಲೆ ತಾನು ಕೂತು, ನನ್ನ ಮಗನಿಂದ ದೂಡಿಸಿದ. ಎರಡು ಮನೆಯವರು ಬಂಡಿ ಕಂಡು ಪುಟ್ಟಿ ಹಿಡಿದುಕೊಂಡು ಬಂದರು.

ಕಥೆ ಸಣ್ಣದು. ಒಬ್ಬಳು ಮುದುಕಿ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಅವಳನ್ನು ಕೊಲ್ಲಲು ಒಬ್ಬ ಬರುತ್ತಾನೆ. ನನಗೆ ಹೆದರಿಕೆ ನಟಿಸಲು ಬರುವುದಿಲ್ಲ ಎಂದು ಮೊದಲೇ ಹೇಳಿದೆ. ನೀನು ಸುಮ್ಮನೆ ಜೋಳ ಹಸನು ಮಾಡು, ನಿನ್ನ ಮುಖ ಇದ್ದ ಹಾಗೆ ಇರಲಿ, ಹೆದರಿಕೆ ನಾನು ತರುತ್ತೇನೆ ಎಂದ. ನನ್ನ ಮುಖ ಇದ್ದ ಹಾಗೆ ಇದ್ದರೆ ಸಾಕು ಅಂದರೆ ಏನರ್ಥ? ಕೇಳಿದೆ. ಅವನು ಲೆನ್ಸು ಒರೆಸತೊಡಗಿದ.

ಊಟಕ್ಕೆ ಕೂತಾಗಲೂ ಪಾಠ. ಹೆದರಿಕೆ ಬರುವುದು ಕೊಲೆಯಿಂದಲ್ಲವಂತೆ, ಕಾಯುವುದರಿಂದಂತೆ. ನೋಡುವವರಿಗೆ ಗೊತ್ತಿರಬೇಕು, ಮುದುಕಿಗೆ ಗೊತ್ತಿರಬಾರದು. "ಈಗ ನೋಡಕ್ಕಾ, ಹಾಸಿಗಿ ಅಡಿಯಾಗ ಚೇಳು ಹೋತು ಅಂತ ಮಂದಿಗೆ ತೋರಸ್ತೀನಿ. ಆಮ್ಯಾಲ ನೀ ಬರ್ತಿ. ಬಂದು ಹಾಸಿಗಿ ಮ್ಯಾಲ ಕೂಡ್ತಿ. ಆಗ ಮಂದಿಗೆ ಏನನಸ್ತದ?"

"ಚೇಳು ಸತ್ತಿತು ಅನಸ್ತದ," ಎಂದೆ. ನನ್ನ ಮೈಕಟ್ಟು ನನಗೆ ಗೊತ್ತಿಲ್ಲವೇ?

ಕೊಲೆಗಾರನಾಗಿ ನಮ್ಮೂರ ಹಿಟ್ಟಿನ ಗಿರಣಿಯವನನ್ನು ಆರಿಸಿದ. ಆರಡಿ ಆಳು, ಹುಬ್ಬು ರೆಪ್ಪೆಗಳಿಗೆಲ್ಲ ಹಿಟ್ಟು ಕೂತು ನೋಡಲು ಭಯಂಕರ. ಸ್ವಭಾವ ಮಾತ್ರ ಬೆಣ್ಣೆ. ಕೈಯಲ್ಲಿ ಕುಡುಗೋಲು ಕೊಟ್ಟರೆ, ಯವ್ವನ ಮೇಲೆ ಎತ್ತುವುದಿಲ್ಲ ಎಂದು ನನ್ನ ಕೈಗೇ ಕೊಟ್ಟ. ಸರಿ, ಕುಡುಗೋಲು ಬೇಡ, ಬಾಗಿಲಿನಿಂದ ಒಳಗೆ ಬಂದು ನನ್ನ ಬೆನ್ನ ಹಿಂದೆ ನಿಂತರೆ ಸಾಕು ಎಂದು ಒಪ್ಪಂದವಾಯಿತು. ಕ್ಯಾಮೆರಾ ಹೊಸ್ತಿಲ ಮಟ್ಟಕ್ಕೆ, ನೆಲದ ಮೇಲೆ ಇತ್ತು. ಕೊಲೆಗಾರನ ಕಾಲು ಮಾತ್ರ ಕಾಣಬೇಕು. ಅವನು ಬಂದ. ಒಂದೊಂದೇ ಹೆಜ್ಜೆ ಇಟ್ಟ. ಹೊಸ್ತಿಲ ಹತ್ತಿರ ಬಂದವನೇ ಚಪ್ಪಲಿ ಬಿಟ್ಟು, ನನ್ನ ಚಪ್ಪಲಿಯ ಪಕ್ಕಕ್ಕೆ ಕಾಲಿನಿಂದ ನೆಟ್ಟಗೆ ಸರಿಸಿ ಒಳಗೆ ಬಂದ.

ನನ್ನ ತಮ್ಮ ನೆಲದಿಂದ ತಲೆ ಎತ್ತಿ, "ಕೊಲಿ ಮಾಡಾಕ ಬರಾವ ಚಪ್ಪಲಿ ಬಿಡ್ತಾನೇನಲೇ?" ಎಂದ.

"ಬಿಡದ ಹೆಂಗ ಬರ್ಲ್ರೀ? ಯವ್ವಾರ ಮನಿ ಅದು."

ಇನ್ನೊಮ್ಮೆ ಮಾಡಿಸಿದ. ಗಿರಣಿಯವನು ಇನ್ನೊಮ್ಮೆಯೂ ಬಿಟ್ಟ. ಮೂರನೆಯ ಸಲ ಹಾಕಿಕೊಂಡೇ ಬರುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದ, ಹೊಸ್ತಿಲಿಗೆ ಬರುತ್ತಲೇ ಕಾಲು ತಾನಾಗಿ ಚಪ್ಪಲಿ ಕಳಚಿತು. ಅವನು ನಾಚಿಕೊಂಡು ಗಿರಣಿಗೆ ಹೋದ. ಬೀಸಬೇಕಾದ ಗೋಧಿ ಕಾದಿತ್ತು. ಇವನು ತಲೆಗೆ ಕೈ ಹಚ್ಚಿಕೊಂಡು ಕೂತು, ತೆಗೆದದ್ದನ್ನು ಕ್ಯಾಮೆರಾದಲ್ಲಿ ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದ. ಚಪ್ಪಲಿ ಬಿಟ್ಟ ಜಾಗಕ್ಕೆ ಮತ್ತೆ ಮತ್ತೆ ಬಂದು ನಿಲ್ಲಿಸಿದ. ಆಮೇಲೆ, ಅಕ್ಕಾ, ಕೊಲೆಗಾರ ಬೇಡವೇ ಬೇಡ ಎಂದ.

ಅವನು ಕಟ್ಟಿದ್ದು ಹೀಗೆ. ಮೊದಲು ಹೊಸ್ತಿಲು. ಹೊರಗೆ ನನ್ನ ಒಂದು ಜೊತೆ ಚಪ್ಪಲಿ, ಒಳಗೆ ನಾನು. ಆಮೇಲೆ ಖಾಲಿ ಬೀದಿ. ಆಮೇಲೆ ಜೋಳದ ಮೇಲೆ ಆಡುವ ನನ್ನ ಬೆರಳು. ಕ್ಯಾಮೆರಾ ನನ್ನ ಬೆನ್ನಿನಿಂದ ನಿಧಾನಕ್ಕೆ ಹಿಂದೆ ಸರಿಯುತ್ತ, ಪಡಸಾಲೆ ದಾಟಿ, ಬಾಗಿಲು ದಾಟಿ ಮತ್ತೆ ಹೊಸ್ತಿಲಿಗೆ ಬರುತ್ತದೆ. ಈಗ ಅಲ್ಲಿ ಎರಡು ಜೊತೆ ಚಪ್ಪಲಿ ಇವೆ. ಮನೆಯಲ್ಲಿ ಇನ್ನೊಬ್ಬರು ಕಾಣುವುದಿಲ್ಲ. ನಾನು ಜೋಳ ಹಸನು ಮಾಡುತ್ತಲೇ ಇದ್ದೇನೆ. ಅಷ್ಟೇ. ಆ ಚಪ್ಪಲಿಗಳ ಮೇಲೆ ಕ್ಯಾಮೆರಾವನ್ನು ಪೂರ್ತಿ ಒಂದು ನಿಮಿಷ ನಿಲ್ಲಿಸಿದ. ನಾನು ನೋಡಿದೆ. ನನಗೇನೂ ಅನ್ನಿಸಲಿಲ್ಲ. ಗಿರಣಿಯವನ ಚಪ್ಪಲಿಗೆ ಹೊಸ ಅಟ್ಟೆ ಹಾಕಿಸಬೇಕು ಅನ್ನಿಸಿತು.

ರಾಯಚೂರಿನಲ್ಲಿ ಇದನ್ನು ಜೋಡಿಸಿಕೊಟ್ಟವನು, ಎದೆ ಬಡಿಯುವ ಸದ್ದಾದರೂ ಹಾಕೋಣ, ಇಲ್ಲದಿದ್ದರೆ ಜನ ಎದ್ದು ಹೋಗುತ್ತಾರೆ ಎಂದು ಎಷ್ಟೋ ಹೇಳಿದನಂತೆ. ಇವನು ಒಪ್ಪಲಿಲ್ಲ. ಒಂದು ಸೊಳ್ಳೆಯ ಸದ್ದೂ ಬೇಡ ಎಂದ.

ಸ್ಪರ್ಧೆಯ ದಿನ ಬೆಳಿಗ್ಗೆ ನಾನು ಗಬ್ಬೂರಿನಿಂದ ಬಸ್ಸು ಹತ್ತಿ ರಾಯಚೂರಿಗೆ ಬಂದೆ. ಅವರಿಬ್ಬರು ಮಾನ್ವಿಯಿಂದ ಬಂದಿದ್ದರು. ಯಾವುದೋ ಮದುವೆಯ ವಿಡಿಯೋ ಜೋಡಿಸುವ ಕೆಲಸವಿದೆ ಎಂದು ಹೆಂಡತಿಗೆ ಸುಳ್ಳು ಹೇಳಿ ಕರೆತಂದಿದ್ದ. ಸಭಾಂಗಣದಲ್ಲಿ ಇನ್ನೂರು ಜನ ಇರಬಹುದು. ಅವಳು ನಡುವೆ, ಅವನು ಒಂದು ಬದಿ, ನಾನು ಒಂದು ಬದಿ. ಇವನ ಚಿತ್ರ ಐದನೆಯದು.

ಚಿತ್ರ ಶುರುವಾಯಿತು. ಸದ್ದಿಲ್ಲ. ಅರ್ಧ ನಿಮಿಷಕ್ಕೆ ಹಿಂದಿನಿಂದ ಒಬ್ಬ, ಸೌಂಡ್ ಹಾಕ್ರಲೇ ಎಂದು ಕೂಗಿದ. ಮತ್ತಿಬ್ಬರು ಸಿಳ್ಳೆ ಹೊಡೆದರು. ಯಂತ್ರ ನಡೆಸುವವನು ಗಾಬರಿಯಾಗಿ ಚಿತ್ರ ನಿಲ್ಲಿಸಿ, ವೈರು ಕಿತ್ತು, ಊದಿ, ಮತ್ತೆ ಚುಚ್ಚಿದ. ಇವನು ಎದ್ದು ಓಡಿ, ಸದ್ದು ಇಲ್ಲ ಮಾರಾಯ, ಇರುವುದೇ ಹೀಗೆ ಎಂದು ಕೈ ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಾಕಿದರು. ಇಷ್ಟರಲ್ಲಿ ಅವನ ಹೆಂಡತಿಗೆ ಪರದೆಯ ಮೇಲೆ ಯಾರಿದ್ದಾರೆ ಎಂದು ತಿಳಿದಿತ್ತು. ನನ್ನ ತೊಡೆ ಚಿವುಟಿದಳು. ನಾನು ಮುಂದೆ ನೋಡು ಎಂದು ಕೈ ಮಾಡಿದೆ.

ಜನ ಮೊಬೈಲು ತೆಗೆದರು. ಕೆಲವರು ಆಕಳಿಸಿದರು. ನಾನು ಪರದೆಯ ಮೇಲೆ ಜೋಳ ಹಸನು ಮಾಡುತ್ತಿದ್ದೆ. ನನ್ನ ತಮ್ಮ ಪರದೆ ನೋಡುತ್ತಿರಲಿಲ್ಲ, ಹೆಂಡತಿಯನ್ನು ನೋಡುತ್ತಿದ್ದ. ಕ್ಯಾಮೆರಾ ನನ್ನ ಬೆನ್ನು ಬಿಟ್ಟು ಹಿಂದೆ ಸರಿಯತೊಡಗಿತು. ಪಡಸಾಲೆ ಬಂತು. ಬಾಗಿಲು ಬಂತು. ಹೊಸ್ತಿಲ ಮುಂದೆ ಎರಡು ಜೊತೆ ಚಪ್ಪಲಿ ಬಂದವು.

ಅವಳು ಚೀರಿದಳು. ಸಣ್ಣ ಚೀರಲ್ಲ. ಎದ್ದು ನಿಂತು, ಗಂಡನ ಅಂಗಿಯ ತೋಳು ಹಿಡಿದು, ಇಡೀ ಸಭಾಂಗಣ ಬೆಚ್ಚಿಬೀಳುವಂತೆ ಚೀರಿದಳು. ಇನ್ನೂರು ಜನ ಪರದೆ ಬಿಟ್ಟು ಹಿಂತಿರುಗಿ ಇವಳನ್ನು ನೋಡಿದರು. ಯಾಕೆ ಚೀರಿದಳು ಎಂದು ಒಬ್ಬರಿಗೂ ತಿಳಿಯಲಿಲ್ಲ. ನನ್ನ ಪಕ್ಕದ ಹೆಂಗಸು, ಯಾರೋ ಬೀಗರು ಬಂದಿದ್ದಾರೆ ಅಷ್ಟೇ ಅಲ್ಲವೇ ಎಂದಳು. ಅವಳ ತಪ್ಪಲ್ಲ. ನಮ್ಮ ಕಡೆ ಬಾಗಿಲ ಮುಂದೆ ಚಪ್ಪಲಿ ಹೆಚ್ಚಾದರೆ ಜನ ಚಹಾಕ್ಕೆ ನೀರು ಹೆಚ್ಚು ಇಡುತ್ತಾರೆ, ಹೆದರುವುದಿಲ್ಲ.

ಬಹುಮಾನ ಬೇರೆ ಯಾರಿಗೋ ಹೋಯಿತು. ಇವನಿಗೆ ಅದರ ಪರಿವೆ ಇರಲಿಲ್ಲ. ಮಂದಿಯ ಜೊತೆ ಹೆದರಲಿ ಎಂದು ಮಾಡಿದ್ದ, ಮಂದಿ ಹೆದರಲಿಲ್ಲ. ಆದರೂ ಅವಳು ಹೆದರಿದಳಲ್ಲ. ಮುಖ ಅರಳಿಸಿಕೊಂಡು ಬಸ್ ನಿಲ್ದಾಣಕ್ಕೆ ನಡೆದ. ಅವಳೂ ನಗುತ್ತಿದ್ದಳು. ನಾನೂ ಅವರ ಜೊತೆ ಮಾನ್ವಿ ಬಸ್ಸು ಹತ್ತಿದೆ. ಮೂರು ಜನರ ಸೀಟು, ಕಿಟಕಿಗೆ ಅವಳು, ನಡುವೆ ಅವನು. ಇನ್ನೂ ಬಿಸಿಲಿತ್ತು.

ಊರು ದಾಟಿದ ಮೇಲೆ ಅವನು ಅವಳ ಕಡೆ ತಿರುಗಿ ಕೂತ. ಯಾವುದರಿಂದ ಹೆದರಿದೆ, ಬೀದಿಯಿಂದಲೋ, ಕ್ಯಾಮೆರಾ ಹಿಂದೆ ಸರಿದದ್ದರಿಂದಲೋ, ಒಂದು ನಿಮಿಷ ನಿಲ್ಲಿಸಿದ್ದರಿಂದಲೋ ಎಂದು ಕೇಳಿದ. ಕಲಾವಿದನಲ್ಲವೇ? ಲೆಕ್ಕ ಬೇಕು. ಅವಳಿಗೆ ತನ್ನ ದನಿ ಕೇಳುವುದಿಲ್ಲ, ಆದ್ದರಿಂದ ಉತ್ತರ ಡ್ರೈವರನವರೆಗೆ ಕೇಳಿಸಿತು.

"ಚಪ್ಪಲಿ ಕಂಡು ಹೆದರಿದೆ. ನನಗ ದಿನಾ ಹಂಗ ಆಗ್ತದಲ್ರೀ. ಸಂತಿಗೆ ಹೋಗಿ ಮನಿಗೆ ಬರ್ತೀನಿ, ಹೊರಗ ಗುರುತಿಲ್ಲದ ಚಪ್ಪಲಿ ಇರ್ತಾವ. ಒಳಗ ಯಾರ ದನಿ ಅದ ಅಂತ ನಿಮಗ ಕೇಳ್ತದ. ನನಗ ಕೇಳಂಗಿಲ್ಲ. ಯಾರ ಬಂದಾರೋ, ನೀವು ಅದೀರೋ ಇಲ್ಲೋ. ಗುರುತಿನ ಚಪ್ಪಲಿ ಇದ್ರ ಒಳಗ ಬರ್ತೀನಿ. ಇಲ್ಲಂದ್ರ ಯಾರರ ಹೊರಗ ಬರೂತನಕ ಬೇವಿನಗಿಡದ ಬುಡಕ ನಿಂತಿರ್ತೀನಿ."

ಅವನ ಮುಖದ ನಗು ಹೋಯಿತು. ಬಸ್ಸಿನಲ್ಲಿ ನಾಲ್ಕೈದು ಜನ ತಿರುಗಿ ನೋಡುತ್ತಿದ್ದರು. ಅವನು ತುಟಿ ಅವಳಿಗೆ ಕಾಣುವಂತೆ ನಿಧಾನಕ್ಕೆ ಕೇಳಿದ.

"ಎಷ್ಟು ವರ್ಷದಿಂದ?"

"ಕಿವಿ ಹೋದಾಗಿಂದ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಕ್ಯಾಮೆರಾ ತರ್ತಿದ್ರಿ."

ನಾನು ನಕ್ಕೆ. ಅವಳೂ ನಕ್ಕಳು. ಅವನು ನಗಲಿಲ್ಲ. ಕಲ್ಲೂರು ದಾಟಿತು, ಮಾನ್ವಿ ಬಂತು, ಅವನು ಬಗ್ಗಿ ಅವಳ ಕಾಲಿನ ಚಪ್ಪಲಿ ನೋಡುತ್ತಲೇ ಇದ್ದ.

ಮೊನ್ನೆ ಮತ್ತೆ ಮಾನ್ವಿಗೆ ಹೋಗಿದ್ದೆ. ಹೊಸ ಚಪ್ಪಲಿ ತೆಗೆದುಕೊಂಡಿದ್ದೆ, ಮೊದಲ ಸಲ ಹಾಕಿಕೊಂಡು ಹೋದದ್ದು. ಅವಳು ಕಾಯಿಪಲ್ಯಕ್ಕೆ ಹೋಗಿದ್ದಳು. ನಾನು ಒಳಗೆ ಫ್ಯಾನಿನ ಕೆಳಗೆ ಕೂತೆ. ಅವನು ನೀರು ಕೊಟ್ಟು, ಒಂದು ಕುರ್ಚಿ ಎತ್ತಿಕೊಂಡು ಹೊರಗೆ ಹೋಗಿ, ಉರಿಬಿಸಿಲಲ್ಲಿ ಬೀದಿಗೆ ಮುಖ ಮಾಡಿ ಕೂತ. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಒಳಗೆ ಬಾರೋ ಎಂದೆ. ಆಕೆ ಬರಲಿ ಎಂದ. ಬಂದರೆ ಬಾಗಿಲು ಗೊತ್ತಿಲ್ಲವೇನು ಎಂದೆ. ಅವನು ನನ್ನ ಹೊಸ ಚಪ್ಪಲಿಯನ್ನೊಮ್ಮೆ ನೋಡಿ ಮತ್ತೆ ಬೀದಿಗೆ ತಿರುಗಿದ.

ಎಷ್ಟೋ ಹೊತ್ತಿನ ಮೇಲೆ ಓಣಿಯ ಮೂಲೆಯಲ್ಲಿ ಅವಳು ಚೀಲ ಹಿಡಿದು ತಿರುಗಿದಳು. ಅಲ್ಲಿಂದಲೇ ಹೊಸ್ತಿಲು ನೋಡಿ ನಿಂತಳು. ಅವನು ಕುರ್ಚಿಯಿಂದ ಎದ್ದು, ನನ್ನ ಚಪ್ಪಲಿಯನ್ನು ಬೆರಳಿನಿಂದ ತೋರಿಸಿ, ದನಿ ಇಲ್ಲದೆ, ಬರೀ ತುಟಿಯಿಂದ, ಅಕ್ಕ ಬಂದಾಳ ಎಂದ. ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಬಿರಬಿರನೆ ಮನೆಯ ಕಡೆ ನಡೆದು ಬಂದಳು.